ಮುನ್ನೂರು ಸುತ್ತು ಕಡಿಮೆ

ಕೊಪ್ಪಳ ಸ್ಟೇಷನ್ನಿನ ತನಕ

ಪರದೇಶಕ್ಕೆ ಹೋಗುವವರು ಸೂಟು ಹೊಲಿಸುತ್ತಾರೆ ಎಂದು ಕೇಳಿದ್ದೆ. ನನ್ನ ಟ್ರಂಕಿನಲ್ಲಿದ್ದದ್ದು ತಂತಿ ಸುತ್ತುವ ಕೈಯಂತ್ರ, ಬೆಸುಗೆ ಹಾಕುವ ಕಡ್ಡಿ, ಎರಡು ಡಜನ್ ಕಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಚಟ್ನಿಯ ಡಬ್ಬಿ ಮತ್ತು ಒಂದು ಸೀರೀಸ್ ಬೋರ್ಡು. ಸೀರೀಸ್ ಬೋರ್ಡು ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಮೊಳದ ಹಲಗೆ, ಮೇಲೊಂದು ಬಲ್ಬು, ಪಕ್ಕಕ್ಕೊಂದು ಪ್ಲಗ್ಗು. ರಿಪೇರಿಗೆ ಬಂದ ಸೆಟ್ಟನ್ನು ನಾವು ನೇರವಾಗಿ ಕರೆಂಟಿಗೆ ಹಚ್ಚುವುದಿಲ್ಲ, ಈ ಬಲ್ಬನ್ನು ದಾಟಿಸಿ ಹಚ್ಚುತ್ತೇವೆ. ಬಲ್ಬು ಒಂದಿಷ್ಟು ಕರೆಂಟನ್ನು ತಾನೇ ತಿಂದು ಉಳಿದದ್ದನ್ನು ಸೆಟ್ಟಿಗೆ ಬಿಡುತ್ತದೆ, ಸೆಟ್ಟು ಸುಡುವುದಿಲ್ಲ. ಅದನ್ನು ಬಿಟ್ಟು ನಾನು ಯಲಬುರ್ಗಾದ ನನ್ನ ಹುಟ್ಟೂರಿಗೂ ಹೋದವನಲ್ಲ.

ನನ್ನ ಹೆಸರು ಈರಪ್ಪ. ಗಂಗಾವತಿಯ ರೈಸ್ ಮಿಲ್ಲುಗಳ ಸಾಲಿನಲ್ಲಿ ರೇಡಿಯೊ, ಮೈಕ್‌ಸೆಟ್ಟು, ಮೋಟಾರು ರಿಪೇರಿ ಮಾಡುವ ಅಂಗಡಿ ನನ್ನದು. ಎಂಬತ್ತೆರಡರ ಜೂನ್ ತಿಂಗಳಲ್ಲಿ ನನ್ನನ್ನು ಇಂಗ್ಲೆಂಡಿಗೆ ಕರೆಸಿದವನು ಕೆನ್. ಎಪ್ಪತ್ನಾಲ್ಕರಲ್ಲಿ ವ್ಯಾನು ಹೊಡೆದುಕೊಂಡು ನೆಲದ ಮೇಲೇ ಇಂಗ್ಲೆಂಡಿನಿಂದ ಬಂದು, ಆನೆಗುಂದಿಯ ಬಂಡೆಗಳ ನಡುವೆ ಎರಡು ತಿಂಗಳು ಬೀಡುಬಿಟ್ಟಿದ್ದ ಉದ್ದ ಕೂದಲಿನ ಗಿಟಾರಿನವನು. ನಮ್ಮವರ ಬಾಯಲ್ಲಿ ಕೆನ್ನಪ್ಪ ಆಗಿದ್ದ. ನಮ್ಮ ಕರೆಂಟು ಏರಿಳಿದು ಅವನ ಗಿಟಾರಿನ ಆಂಪ್ಲಿಫಯರ್ ಸುಟ್ಟಿತು. ಅದರ ಟ್ರಾನ್ಸ್‌ಫಾರ್ಮರನ್ನು ನಾನು ಕೈಯಿಂದಲೇ ಹೊಸದಾಗಿ ಸುತ್ತಿಕೊಟ್ಟೆ.

ಕೆನ್ನಪ್ಪನ ಬ್ಯಾಂಡಿನ ಹೆಸರು ಸ್ಲೇಟ್ ಹ್ಯಾಮರ್. ಅಬ್ಬರದ ಹಾರ್ಡ್ ರಾಕ್ ಸಂಗೀತ. ಅಲ್ಲಿಯವರೆಗೆ ಎರಡು ರೆಕಾರ್ಡು ಹೊರಬಂದಿದ್ದರೂ ಕೇಳುವವರಿರಲಿಲ್ಲವಂತೆ. ನಾನು ಸುತ್ತಿದ ಟ್ರಾನ್ಸ್‌ಫಾರ್ಮರು ಕೂತ ಮೇಲೆ ಗಿಟಾರಿನ ದನಿಯೇ ಬದಲಾಯಿತು. ಗಂಟಲು ಕಟ್ಟಿದ ಗೂಳಿ ಗುಟುರು ಹಾಕಿದ ಹಾಗೆ. ಆ ದನಿಯ ಮೂರನೇ ರೆಕಾರ್ಡಿಗೆ ಅಲ್ಲಿಯ ಹುಡುಗರು ಹುಚ್ಚೆದ್ದರು. ಆಮೇಲೆ ಅವರವರಲ್ಲೇ ಜಗಳ, ಡ್ರಮ್ಮಿನವ ಬಿಟ್ಟುಹೋದ, ನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಈಗ ರಾಜಿಯಾಗಿ ತಮ್ಮ ಊರಿನಲ್ಲೇ ಒಂದು ಸಂಗೀತ ಕಚೇರಿ ಇಟ್ಟುಕೊಂಡಿದ್ದರು. ರೆಕಾರ್ಡ್ ಕಂಪನಿಯವರು ಕೇಳಲು ಬರುವವರಿದ್ದರು. ಹಳೆಯ ದನಿ ಇದ್ದರೆ ಹೊಸ ರೆಕಾರ್ಡು, ಇಲ್ಲದಿದ್ದರೆ ಬ್ಯಾಂಡು ಅಲ್ಲಿಗೆ ಮುಗಿಯಿತು. ಅಂಥ ಹೊತ್ತಿಗೆ ನನ್ನ ಟ್ರಾನ್ಸ್‌ಫಾರ್ಮರು ಸುಟ್ಟಿತ್ತು. ಅಲ್ಲಿಯವರು ಮಾಡಿದ ಹೊಸದರಲ್ಲಿ ಆ ದನಿ ಬರಲಿಲ್ಲ. ಅದಕ್ಕೇ ಕಾಗದ, ಕಾಗದದ ಜೊತೆ ಎರಡು ಟಿಕೀಟು.

ಎರಡನೆಯ ಟಿಕೀಟು ನನ್ನ ಇಂಗ್ಲಿಷಿಗಾಗಿ. ನನ್ನ ಹೆಂಡತಿಯ ಅಣ್ಣ ಬಸಲಿಂಗಪ್ಪ ಮಾಸ್ತರು ಕುಷ್ಟಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ಶಾಲೆಯವರು ಅವರಿಗೆ ಜರಿ ಶಾಲು ಹೊದಿಸಿ, ಮಾಲೆ ಹಾಕಿ ಸನ್ಮಾನ ಮಾಡಿದ್ದರು. ಆ ಶಾಲನ್ನು ಅವರು ಜೂನ್ ಬಿಸಿಲಿನಲ್ಲೂ ಹೆಗಲಿನಿಂದ ಇಳಿಸಲಿಲ್ಲ. ನಮ್ಮ ಬಸ್ಸು ಹಿಟ್ನಾಳದಲ್ಲಿ ಟೈರು ಒಡೆದುಕೊಂಡು ನಿಂತಾಗಲೂ ಕಂಡಕ್ಟರನಿಗೆ, "ಏ, ಲಗೂನ ಮಾಡಪಾ, ಲಂಡನ್ ವಿಮಾನ ತಪ್ಪತೈತಿ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು.

ಕೊಪ್ಪಳ ಸ್ಟೇಷನ್ನಿಗೆ ನನ್ನ ಹೆಂಡತಿ ಶಾಂತಾ ಬಂದಿದ್ದಳು. "ಹ್ಯಾಂಗ ಸುತ್ತಿದ್ರಿ ಅಂತ ನೆನಪೈತಿಲ್ಲ ನಿಮಗ?" ಎಂದು ಕೇಳಿದಳು. "ನೆನಪಿಲ್ದ ಏನು" ಎಂದೆ. ನೆನಪಿತ್ತು. ಅದಕ್ಕೇ ಅವಳ ಮುಖ ನೋಡದೆ ಟ್ರಂಕು ಎತ್ತಿಕೊಂಡೆ.

ಲಂಡನ್: ಬಲ್ಬಿನ ವಿಚಾರಣೆ

ವಿಮಾನ ನಿಲ್ದಾಣದಲ್ಲಿ ಟ್ರಂಕು ಬಿಚ್ಚಿದ ಅಧಿಕಾರಿ ಸೀರೀಸ್ ಬೋರ್ಡನ್ನು ಎರಡೇ ಬೆರಳಿನಲ್ಲಿ ಎತ್ತಿ, ಮತ್ತೆ ಮೆಲ್ಲಗೆ ಇಟ್ಟು, ಇನ್ನೊಬ್ಬನನ್ನು ಕರೆದ. ಅವನು ಮೂರನೆಯವನನ್ನು ಕರೆದ. ವಯರು, ಬಲ್ಬು, ಹಲಗೆ ನೋಡಿ ಅವರಿಗೆ ಏನನ್ನಿಸಿತೋ ನನಗೆ ಹೊಳೆದದ್ದು ತಡವಾಗಿ. ಬಾಂಬು!

ಮಾಸ್ತರು ಎದೆ ಮುಂದೆ ಮಾಡಿ ಪಾಠದ ದನಿಯಲ್ಲಿ ಇಂಗ್ಲಿಷ್ ಶುರುಮಾಡಿದರು. ಆ ಮೂವರೂ ಬಾಗಿ ಬಾಗಿ ಕೇಳಿದರು. ಅರ್ಥವಾದ ಹಾಗೆ ಕಾಣಲಿಲ್ಲ.

"ಏನಂತಾರ್ರಿ, ಮಾಸ್ತರ?"

"ಇವರ ಉಚ್ಚಾರ ಸರಿ ಇಲ್ಲ ಬಿಡು" ಎಂದರು ಮಾಸ್ತರು.

ಕೊನೆಗೆ ಅಲ್ಲೇ ಗೋಡೆಯ ಪ್ಲಗ್ಗಿಗೆ ಹಚ್ಚಿ ತೋರಿಸೋಣವೆಂದು ಹೋದೆ. ಅವರ ಪ್ಲಗ್ಗಿಗೆ ಮೂರು ಕಾಲು, ಚೌಕ ಚೌಕ. ನಮ್ಮದು ಕೂರಲಿಲ್ಲ. ಆ ಗಡಿಬಿಡಿಯಲ್ಲಿ ಬಲ್ಬು ಬಿದ್ದು ಫಟ್ಟೆಂದಿತು. ನಿಲ್ದಾಣಕ್ಕೆ ನಿಲ್ದಾಣವೇ ನಮ್ಮತ್ತ ತಿರುಗಿತು. ಒಂದು ತಾಸಿನ ಮೇಲೆ ಬಿಟ್ಟರು. ಬಿಡುವಾಗ ಮೂವರೂ ಸಾರಿ ಎಂದರು. ಆ ದೇಶದಲ್ಲಿ ಕಾಲು ತುಳಿದವನೂ ಸಾರಿ ಅನ್ನುತ್ತಾನೆ, ತುಳಿಸಿಕೊಂಡವನೂ ಸಾರಿ ಅನ್ನುತ್ತಾನೆ.

ಬುಧವಾರ: ಚೀಟಿ

ಕೆನ್ನಪ್ಪನ ಊರು ಉತ್ತರಕ್ಕಿದೆ. ಹೊಲಗಳಿಗೆ ಸುಣ್ಣ ಗಾರೆ ಇಲ್ಲದ ಒಣಕಲ್ಲಿನ ಗೋಡೆ, ಕುಷ್ಟಗಿ ಕಡೆಯ ಬದುಗಳ ಹಾಗೆಯೇ. ಅದನ್ನು ನೋಡಿ ಜೀವಕ್ಕೆ ಸ್ವಲ್ಪ ಧೈರ್ಯ ಬಂತು. ನಾವು ಉಳಿದ ಮನೆಯ ಅಜ್ಜಿ ನಮ್ಮ ಕಡಕ್ ರೊಟ್ಟಿಯನ್ನು ಭಾಳ ಮೆಚ್ಚಿ, ಬಿಸಿ ಪಾತ್ರೆಯ ಕೆಳಗೆ ಮೇಜಿಗೆ ಹಾಸಿದಳು. ನಾನೊಂದನ್ನು ಮುರಿದು ಹಿಂಡಿ ಹಚ್ಚಿ ತಿಂದು ತೋರಿಸಿದೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು, ಮತ್ತೆ ಸಾರಿ.

ಬ್ಯಾಂಡಿನವರು ತಾಲೀಮು ಮಾಡುತ್ತಿದ್ದದ್ದು ಮುಚ್ಚಿದ ಉಣ್ಣೆ ಗಿರಣಿಯೊಂದರಲ್ಲಿ. ಕೆನ್ನಪ್ಪನ ಕೂದಲು ಅರ್ಧ ಉದುರಿತ್ತು. ಓಡಿ ಬಂದು ತಬ್ಬಿಕೊಂಡ. "ಈರಪ್ಪ! ಆರಾಮ? ಛಲೋ?" ಎಂದ. ಎಂಟು ವರ್ಷದ ಹಿಂದೆ ಅಂಗಡಿಯ ಕಟ್ಟೆಯ ಮೇಲೆ ಕಲಿತ ನಾಲ್ಕಾರು ಮಾತು ಅವನಲ್ಲಿ ಹಾಗೇ ಉಳಿದಿದ್ದವು. ಎಲ್ಲರಿಗೂ ನನ್ನನ್ನು ತೋರಿಸಿ ಏನೋ ಹೇಳಿದ. ಅವರೆಲ್ಲ ಎದ್ದು ನಿಂತು ಕೈ ಕುಲುಕಿದರು.

"ನೀ ಗಂಗಾವತಿ ಉಸ್ತಾದ ಅಂತ ಹೇಳಾಕತ್ಯಾನ" ಎಂದರು ಮಾಸ್ತರು, ಶಾಲು ಸರಿಪಡಿಸಿಕೊಳ್ಳುತ್ತ. "ಎಂಟು ವರ್ಷದಿಂದ ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೋತ ಬಂದಾನಂತ."

ಮೂಲೆಯ ಮೇಜಿನ ಹತ್ತಿರ ಕನ್ನಡಕಕ್ಕೆ ದಾರ ಕಟ್ಟಿಕೊಂಡ, ನಲವತ್ತು ದಾಟಿದ ಹೆಂಗಸೊಬ್ಬಳು ನಿಂತಿದ್ದಳು. ಹೆಸರು ರೂತ್. ಬ್ಯಾಂಡಿನ ಯಂತ್ರಗಳೆಲ್ಲ ಅವಳ ಕೈಕೆಳಗೆ. ಹೊಸ ಟ್ರಾನ್ಸ್‌ಫಾರ್ಮರು ಮಾಡಿದವಳು ಅವಳೇ. ನಾಲ್ಕು ತಿಂಗಳಲ್ಲಿ ಮೂರು ಬಾರಿ ಸುತ್ತಿದ್ದಳು, ಮೂರು ಬಾರಿಯೂ ದನಿ ಬರಲಿಲ್ಲ. ಬ್ಯಾಂಡಿನ ಮ್ಯಾನೇಜರ್ ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದ. ಮೂರನ್ನೂ ಸಾಲಾಗಿ ನನ್ನ ಮುಂದಿಟ್ಟಳು. ಎಂಥ ಕೈಗೆಲಸ! ಎಳೆಗೆ ಎಳೆ ತಾಗಿ ಕೂತಿತ್ತು. ನಾನು ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾಗಿ ಸುತ್ತಿಲ್ಲ.

ಆಮೇಲೆ ಅವಳು ಆಂಪ್ಲಿಫಯರಿನ ಪೆಟ್ಟಿಗೆಯ ಹಿಂಬಾಗಿಲು ತೆಗೆದು ಒಳಗೆ ಬೆರಳು ತೋರಿಸಿದಳು. ಅಲ್ಲಿ ನನ್ನದೇ ಅಕ್ಷರದ ಚೀಟಿ ಅಂಟಿಕೊಂಡಿತ್ತು. ಕಂದಾಗಿತ್ತು, ಆದರೆ ಸ್ಪಷ್ಟವಾಗಿತ್ತು: ಸುತ್ತು ೧೪೦೦, ಈರಪ್ಪ, ಗಂಗಾವತಿ. ಕನ್ನಡದ ಅಂಕಿಯನ್ನು ಕೆನ್ನಪ್ಪ ನಮ್ಮ ಮೈಲಿಗಲ್ಲು ಓದಿ ಕಲಿತಿದ್ದ. ಅವನೇ ಅವಳಿಗೆ ಓದಿ ಹೇಳಿದ್ದ. ಸುಟ್ಟ ಹಳೆಯದು ಕರಗಿ ಗಟ್ಟಿಯಾಗಿದ್ದರಿಂದ ಸುತ್ತು ಎಣಿಸಲಾಗದೆ, ರೂತ್ ಆ ಚೀಟಿಯನ್ನು ನಂಬಿ ಮೂರು ಸಲವೂ ಒಂದೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಸಾವಿರದ ನಾಲ್ಕುನೂರು ಸುತ್ತು ಸುತ್ತಿದ್ದಳು.

ಆ ಚೀಟಿ ಸುಳ್ಳು.

ಎಪ್ಪತ್ನಾಲ್ಕರಲ್ಲಿ ಸಾವಿರದ ನೂರು ಸುತ್ತಿಗೆ ನನ್ನ ಹತ್ತಿರ ಇದ್ದ ತಂತಿ ಮುಗಿದಿತ್ತು. ಹುಬ್ಬಳ್ಳಿಯಿಂದ ಪಾರ್ಸಲ್ ಬಂದಿರಲಿಲ್ಲ, ಕೆನ್ನಪ್ಪನ ವ್ಯಾನು ಮರುದಿನ ಮುಂಜಾನೆ ಹೊರಡುವುದಿತ್ತು. ಅಷ್ಟಕ್ಕೇ ಕಟ್ಟಿ ಮುಚ್ಚಿದೆ. ಪರದೇಶದವರು ಬಿಚ್ಚಿ ನೋಡಿ ಗಂಗಾವತಿಯವರು ಅರೆಬರೆ ಮಾಡಿ ಕಳಿಸಿದರು ಅನ್ನಬಾರದೆಂದು ಚೀಟಿಯಲ್ಲಿ ಮಾತ್ರ ಪೂರ್ತಿ ಬರೆದೆ. ಸುತ್ತು ಕಡಿಮೆಯಾದರೆ ಒಳಗಿನ ವೋಲ್ಟೇಜೂ ಕಡಿಮೆ. ಗಿಟಾರಿನ ದನಿ ಉಸಿರು ಸಾಲದೆ ಗುಟುರು ಹಾಕುತ್ತಿದ್ದದ್ದು ಅದಕ್ಕೇ. ಇವರೆಲ್ಲ ವಿದ್ಯೆ ಎಂದುಕೊಂಡದ್ದು ನನ್ನ ಕಳ್ಳಗೆಲಸ.

ಕೊಪ್ಪಳದ ಖಾದರ್ ಸಾಬರ ಹತ್ತಿರ ನಾನು ಕೆಲಸ ಕಲಿತವನು. ಯಾವ ಸೆಟ್ಟು ಮುಚ್ಚಿದರೂ ಒಳಗೆ ಚೀಟಿ ಇಡಿಸುತ್ತಿದ್ದರು. "ಚೀಟಿ ಗಿರಾಕಿಗಲ್ಲೋ ಬೇಟಾ, ಮುಂದ ಬಿಚ್ಚಾಂವಗ. ಅಂವ ನಮ್ಮ ಮ್ಯಾಲ ಭರೋಸಾ ಇಟ್ಟು ಕೆಲಸ ಮಾಡ್ತಾನ" ಎನ್ನುತ್ತಿದ್ದರು. ಮುಂದೆ ಬಿಚ್ಚುವವರು ಇಷ್ಟು ದೂರದಲ್ಲಿ, ಕನ್ನಡಕಕ್ಕೆ ದಾರ ಕಟ್ಟಿಕೊಂಡು ನಿಂತಿರುತ್ತಾರೆಂದು ನಾನು ಎಣಿಸಿರಲಿಲ್ಲ.

ಗುರುವಾರ, ಶುಕ್ರವಾರ

ಗುರುವಾರ ನಾನು ಮಾಡಿದ್ದು ಇನ್ನೂ ಹೇಸಿಗೆಯ ಕೆಲಸ. ಬಾಯಿ ಬಿಡದೆ, ಕೈಯಂತ್ರ ಹಚ್ಚಿ ಹೊಸದೊಂದು ಸುತ್ತಲು ಕೂತೆ. ಗುಟ್ಟಾಗಿ ಮುನ್ನೂರು ಕಡಿಮೆ ಮಾಡಿದರಾಯಿತು, ದನಿ ಬರುತ್ತದೆ, ನನ್ನ ಉಸ್ತಾದಿಕೆಯೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಆದರೆ ರೂತ್ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು. ಪೆನ್ಸಿಲು ಹಿಡಿದು, ನೂರಕ್ಕೊಂದು ಗೀಟು ಹಾಕುತ್ತ, ಕಲಿಯುವ ಮಕ್ಕಳ ಹಾಗೆ ನನ್ನ ಕೈ ನೋಡುತ್ತ ಕೂತಳು. ಸಾವಿರದ ನೂರಕ್ಕೆ ನಿಲ್ಲಿಸುವ ಧೈರ್ಯ ನನಗಾಗಲಿಲ್ಲ. ಸಾವಿರದ ನಾಲ್ಕುನೂರೂ ಸುತ್ತಿದೆ.

ಶುಕ್ರವಾರ ಮಧ್ಯಾಹ್ನ ಅದನ್ನು ಕೂರಿಸಿ ಹಚ್ಚಿದೆವು. ಮೀಟರಿನ ಮುಳ್ಳು ಇನ್ನೂರನಲವತ್ತರ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಗಂಗಾವತಿಯಲ್ಲಿ ಮಿಲ್ಲುಗಳು ಶುರುವಾದರೆ ಆ ಮುಳ್ಳು ನೂರೆಪ್ಪತ್ತಕ್ಕೆ ಕುಸಿಯುವುದನ್ನು ಕಂಡವನಿಗೆ ಅದನ್ನು ನೋಡಿ ಸಿಟ್ಟೇ ಬಂತು. ಕೆನ್ನಪ್ಪ ತಂತಿ ಮೀಟಿದ. ತೊಳೆದಿಟ್ಟ ಗಾಜಿನ ಲೋಟದಂಥ ದನಿ. ಮತ್ತೊಮ್ಮೆ ಮೀಟಿದ. ಗಿಟಾರು ಕೆಳಗಿಟ್ಟು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ. ಡ್ರಮ್ಮಿನವನು ಕೋಲುಗಳನ್ನು ಚೀಲಕ್ಕೆ ಹಾಕಿದ. ಕಚೇರಿಗೆ ಉಳಿದದ್ದು ಒಂದು ದಿನ.

ಆ ದೇಶದಲ್ಲಿ ಜೂನ್ ತಿಂಗಳ ಸೂರ್ಯ ರಾತ್ರಿ ಒಂಬತ್ತು ಹೊಡೆದರೂ ಮುಳುಗುವುದಿಲ್ಲ. ತಪ್ಪು ಮಾಡಿದವನಿಗೆ ಮುಖ ಮರೆಸಿಕೊಳ್ಳಲು ಕತ್ತಲೂ ಸಿಗದ ದೇಶ. ಊಟವಾದ ಮೇಲೆ ಕಲ್ಲಿನ ಗೋಡೆಯ ಮೇಲೆ ಕೂತು ಮಾಸ್ತರಿಗೆ ಎಲ್ಲ ಹೇಳಿಬಿಟ್ಟೆ.

ಮಾಸ್ತರ ಮುಖ ಬಿಳುಚಿತು. "ಹುಚ್ಚ ಅದೀಯೇನ? ಇದನ್ನ ಇಂಗ್ಲಿಷಿನ್ಯಾಗ ನಾ ಹೇಳಬೇಕಾ? ನಮ್ಮೂರ ಮಾನ ಹೋಗತೈತಿ."

"ಆ ಹೆಣ್ಣಮಗಳು ತನ್ನ ಕೈ ಸರಿ ಇಲ್ಲ ಅಂದ್ಕೊಂಡಾಳ್ರಿ, ಮಾಸ್ತರ. ಮೂರು ಸಲ ಸುತ್ತ್ಯಾಳ."

"ಅಕಿ ಏನ್ ನಿನ್ನ ಅಕ್ಕನ, ತಂಗಿನ? ನಾಳಿ ದಾಟಿದ್ರ ವಿಮಾನ ಹತ್ತತೀವಿ. ಸುಮ್ನಿರು."

ಸುಮ್ಮನಿದ್ದೆ. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ.

ಶನಿವಾರ

ಮುಂಜಾನೆ ಹತ್ತಕ್ಕೆ ಎಲ್ಲರೂ ಗಿರಣಿಯಲ್ಲಿ ಸೇರಿದರು. ಸಂಜೆ ಏಳಕ್ಕೆ ಕಚೇರಿ. ಮ್ಯಾನೇಜರ್ ಮೇಜು ಗುದ್ದಿ ರೂತ್ ಕಡೆಗೆ ಕೈ ತೋರಿಸಿ ಮಾತಾಡಿದ. ಅವಳು ತನ್ನ ಸ್ಕ್ರೂಡ್ರೈವರುಗಳನ್ನು ಒರೆಸಿ ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದಳು.

"ಏನಂದಾ?" ಎಂದೆ.

"ಉಸ್ತಾದನ ಚೀಟಿ ಕೈಯಾಗಿದ್ರೂ ಮಾಡಾಕ ಬರಲಿಲ್ಲ ನಿನಗ, ಇವತ್ತ ಕಡೀ ದಿನ, ನಾಳಿಂದ ಬರಬ್ಯಾಡ ಅಂದಾ" ಎಂದರು ಮಾಸ್ತರು. ಅವರ ದನಿಯೂ ಇಳಿದಿತ್ತು.

"ಹೇಳ್ರಿ ಮಾಸ್ತರ ಈಗ. ಇದ್ದದ್ದ ಇದ್ದಂಗ ಹೇಳ್ರಿ. ತಪ್ಪು ನಂದು ಅನ್ರಿ."

ಮಾಸ್ತರು ಎದ್ದು ಗಂಟಲು ಸರಿಮಾಡಿಕೊಂಡು ಮಾತಾಡಿದರು. ನನಗೆ ಇಂಗ್ಲಿಷ್ ಬಾರದಿರಬಹುದು. ಆದರೆ ಕ್ಲೈಮೇಟ್ ಅನ್ನುವ ಮಾತು ನಾಲ್ಕು ಸಲ ಬಂದದ್ದು ಕೇಳಿಸಿತು. ಕೇಳಿದವರು ಬೇಸರದಿಂದ ತಲೆಯಾಡಿಸಿದರು. ಮ್ಯಾನೇಜರ್ ಕಿಟಕಿಯ ಹೊರಗಿನ ಮೋಡ ನೋಡಿದ. ರೂತ್ ಪೆಟ್ಟಿಗೆ ಮುಚ್ಚಿದಳು.

ನನಗೆ ಎಲ್ಲಿತ್ತೋ ಸಿಟ್ಟು. ಮಾಸ್ತರನ್ನು ಪಕ್ಕಕ್ಕೆ ಸರಿಸಿ, ಅವಳ ಪೆನ್ಸಿಲು ಕಿತ್ತುಕೊಂಡು, ಆಂಪ್ಲಿಫಯರಿನ ಹಿಂಬಾಗಿಲು ತೆಗೆದೆ. ಚೀಟಿಯ ಮೇಲಿನ ೧೪೦೦ಕ್ಕೆ ಅಡ್ಡ ಗೆರೆ ಎಳೆದೆ. ಕೆಳಗೆ ೧೧೦೦ ಎಂದು ಬರೆದೆ. ಮೊದಲು ನನ್ನ ಎದೆ ಮುಟ್ಟಿಕೊಂಡೆ, ಆಮೇಲೆ ರೂತ್ ಕಡೆ ತೋರಿಸಿ ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಕೆನ್ನಪ್ಪ ಬಾಗಿ ಓದಿದ. ಅವನ ಕಿವಿಯವರೆಗೆ ಕೆಂಪೇರಿತು. ನನ್ನ ಅಂಗಡಿಯ ಕಟ್ಟೆಯ ಮೇಲೆ ಇಸ್ಪೀಟು ಆಡುವಾಗ ಕಲಿತ ಮಾತೊಂದು ಅವನ ಬಾಯಿಂದ ಬಂತು.

"ಈರಪ್ಪ, ಸುಳ್ಳು?"

"ಹೌದಪಾ. ಸುಳ್ಳು."

"ಎಂಟು ವರ್ಷ?"

"ಎಂಟು ವರ್ಷ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೆನ್ನು ತಿರುಗಿಸಿ ಗಿಟಾರಿನ ಹತ್ತಿರ ಹೋದ. ರೂತ್ ಮಾತ್ರ ಚೀಟಿಯನ್ನೇ ನೋಡುತ್ತ ನಿಂತಳು, ಕನ್ನಡಕ ತೆಗೆದಳು, ಮೇಜಿನ ಮೇಲೆ ಸಾಲಾಗಿದ್ದ ತನ್ನ ಮೂರು ಟ್ರಾನ್ಸ್‌ಫಾರ್ಮರುಗಳನ್ನು ಒಂದೊಂದಾಗಿ ಮುಟ್ಟಿದಳು. ಕಣ್ಣು ಒರೆಸಿಕೊಂಡಳು. ಮರುಗಳಿಗೆ ಕಾಗದ ಎಳೆದುಕೊಂಡು ಲೆಕ್ಕ ಹಾಕತೊಡಗಿದಳು. ಎಲ್ಲರಿಗಿಂತ ಮೊದಲು ವಿಷಯ ಹೊಳೆದದ್ದು ಅವಳಿಗೇ. ವೋಲ್ಟೇಜು! ಬೆರಳನ್ನು ಕೆಳಕ್ಕೆ ಮಾಡಿ ತೋರಿಸಿದಳು. ನಾನು ಹೌದು ಹೌದು ಎಂದು ತಲೆಯಾಡಿಸಿದೆ.

ಈಗ ಹೊಸದಾಗಿ ಸುತ್ತಿ, ವಾರ್ನಿಶ್ ಒಣಗಿಸಲು ಹೊತ್ತಿರಲಿಲ್ಲ. ಸುತ್ತು ಇಳಿಸಲಾಗದಿದ್ದರೆ ಕರೆಂಟು ಇಳಿಸಬೇಕು. ನಾನು ಟ್ರಂಕಿನಿಂದ ಸೀರೀಸ್ ಬೋರ್ಡು ತಂದೆ. ಅವಳಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ, ಅವರ ಮೂರು ಕಾಲಿನ ಪ್ಲಗ್ಗನ್ನು ತಾನೇ ಅದಕ್ಕೆ ಜೋಡಿಸಿದಳು. ಅವರ ಬಲ್ಬು ಕೂರುವ ಹೋಲ್ಡರೂ ನಮ್ಮ ಥರದ್ದೇ. ಅರವತ್ತು ವ್ಯಾಟಿನ ಬಲ್ಬು ಹಾಕಿದರೆ ದನಿ ಸತ್ತೇಹೋಯಿತು. ನೂರರದ್ದು ಹಾಕಿದರೆ ಮುಲುಗಿತು. ರೂತ್ ಓಡಿಹೋಗಿ ಗಿರಣಿಯ ಗೋದಾಮಿನಿಂದ ಇನ್ನೂರರ ದೊಡ್ಡ ಬಲ್ಬು ಎರಡು ತಂದಳು. ಒಂದನ್ನು ಹಚ್ಚಿದೆವು. ಕೆನ್ನಪ್ಪ ಮನಸ್ಸಿಲ್ಲದ ಮನಸ್ಸಿನಿಂದ ತಂತಿ ಮೀಟಿದ.

ಗಿರಣಿಯ ತಗಡು ನಡುಗಿತು. ನನಗೆ ಗಂಗಾವತಿಯ ನನ್ನ ಅಂಗಡಿ, ಸುತ್ತಲಿನ ಮಿಲ್ಲು, ಭತ್ತದ ಧೂಳು ಎಲ್ಲ ಒಮ್ಮೆಲೇ ಮೂಗಿಗೆ ಬಡಿಯಿತು. ಕೆನ್ನಪ್ಪ ಕಣ್ಣು ಮುಚ್ಚಿ ನಿಂತೇಬಿಟ್ಟ.

ಆದರೆ ಇನ್ನೊಂದು ಭಯ ಇತ್ತು. ಡ್ರಮ್ಮಿನ ಏಟಿಗೆ ವೇದಿಕೆ ಅದುರುತ್ತದೆ, ಅದುರಿದರೆ ಉರಿಯುವ ಬಲ್ಬಿನೊಳಗಿನ ಎಳೆ ತುಂಡಾಗುತ್ತದೆ, ಬಲ್ಬು ಹೋದರೆ ನಡು ಹಾಡಿನಲ್ಲಿ ಗಿಟಾರು ಮೂಕ. ತಾಲೀಮಿನಲ್ಲೇ ಮೊದಲ ಬಲ್ಬು ಹೋಯಿತು. ಉಳಿದದ್ದು ಒಂದೇ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಮುಂಜಾನೆಯಿಂದ ಮೂಲೆ ಹಿಡಿದು ಕೂತಿದ್ದ ಮಾಸ್ತರು ಎದ್ದು ಬಂದರು. ಹೆಗಲಿನಿಂದ ಸನ್ಮಾನದ ಶಾಲು ತೆಗೆದು ನಾಲ್ಕು ಮಡಿಕೆ ಮಾಡಿದರು. "ನಾ ತೊಡಿ ಮ್ಯಾಲ ಇಟ್ಕೊಂಡು ಕುಂದ್ರತೀನಿ. ಅಳ್ಳಾಡಾಕ ಬಿಡೂದಿಲ್ಲ" ಎಂದರು.

ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಕಂಪನಿಯವರು ಕಾಲಮೇಲೆ ಕಾಲು ಹಾಕಿ ಕೂತಿದ್ದರು. ವೇದಿಕೆಯ ಹಿಂದುಗಡೆ, ಆಂಪ್ಲಿಫಯರಿನ ಮರೆಯಲ್ಲಿ, ಕುಷ್ಟಗಿಯ ಬಸಲಿಂಗಪ್ಪ ಮಾಸ್ತರು ಕುರ್ಚಿಯ ಮೇಲೆ ಕಾಲೆತ್ತಿ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಶಾಲು, ಶಾಲಿನ ಮೇಲೆ ಬೋರ್ಡು ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂತರು. ಎಡಕ್ಕೆ ನಾನು, ಬಲಕ್ಕೆ ರೂತ್. ಮೊದಲ ಮೀಟಿಗೆ ಬಲ್ಬು ಭಗ್ಗೆಂದು ಬೆಳಗಿತು, ಮೀಟು ನಿಂತರೆ ಮಂಕಾಯಿತು. ಒಂದೂವರೆ ತಾಸು ನಾವು ಮೂವರೂ ಬ್ಯಾಂಡನ್ನು ನೋಡಲಿಲ್ಲ, ಆ ಬಲ್ಬನ್ನೇ ನೋಡಿದೆವು. ಒಂದು ಹಾಡಿನಲ್ಲಿ ಡ್ರಮ್ಮಿನವನು ಹುಚ್ಚೆದ್ದು ಬಾರಿಸಿದಾಗ ಬಲ್ಬು ಎರಡು ಸಲ ಮಿಟುಕಿತು. ರೂತ್ ನನ್ನ ಮುಂಗೈ ಹಿಡಿದುಕೊಂಡಳು. ಉಗುರಿನ ಗುರುತು ಎರಡು ದಿನ ಇತ್ತು.

ಬಲ್ಬು ಉಳಿಯಿತು. ಜನ ಬೆಂಚು ಗುದ್ದಿ ಕೂಗಿದರು. ಕಂಪನಿಯವರು ಎದ್ದು ನಿಂತಿದ್ದರು. ಮಾಸ್ತರಿಗೆ ಏಳಲಾಗಲಿಲ್ಲ. ಎರಡೂ ಕಾಲು ಜೋಮು ಹಿಡಿದಿದ್ದವು. ನಾನೂ ಮ್ಯಾನೇಜರನೂ ಸೇರಿ ಎತ್ತಿದೆವು.

ಭಾನುವಾರ

ವಿಮಾನ ಸೋಮವಾರಕ್ಕಿತ್ತು. ಮುಂಜಾನೆ ಕೆನ್ನಪ್ಪ ಅಜ್ಜಿಯ ಮನೆಗೆ ಬಂದು ಬಾಗಿಲಲ್ಲಿ ನಿಂತ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಮಾಸ್ತರು ಈ ಸಲ ಒಂದು ಮಾತೂ ಬಿಡದೆ ಅನುವಾದ ಮಾಡಿದರು. "ಅಂವಾ ಹೇಳ್ತಾನ: ತಂತಿ ಮುಗದೈತಿ ಅಂತ ಅವತ್ತ ಹೇಳಿದ್ರ ನಾ ಏನ್ ಬ್ಯಾಡ ಅಂತಿದ್ನೇನು? ದನಿ ಹಂಗ ಬಂದಿರತಿತ್ತು. ನಾಲ್ಕು ತಿಂಗಳು ಈ ಹೆಂಗಸು ನಿದ್ದಿಗೆಡೂದು ತಪ್ಪತಿತ್ತು. ಹೊಸ ರೆಕಾರ್ಡಿಗೆ ಕಂಪನಿಯವರು ಹೂಂ ಅಂದಾರ, ಹೊಸಾದು ಸುತ್ತಿಕೊಟ್ಟು ಹೋಗು. ಅಕಿ ಕೆಲಸ ಅಕಿಗೇ ಐತಿ, ಮ್ಯಾನೇಜರ್ ಕಡಿಂದ ಕ್ಷಮಾ ಕೇಳಿಸೀನಿ."

ತಲೆ ತಗ್ಗಿಸಿ ಹೂಂ ಎಂದೆ.

ಗಿರಣಿಯಲ್ಲಿ ರೂತ್ ಹಿಡಿಕೆ ತಿರುವಿದಳು, ನಾನು ತಂತಿ ಬಿಟ್ಟೆ. ಅವಳು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಜೋರಾಗಿ ಎಣಿಸಿದೆವು. ಸಾವಿರದ ನೂರಕ್ಕೆ ಇಬ್ಬರೂ ಒಟ್ಟಿಗೆ ನಿಂತೆವು. ರಾಟೆಯ ಮೇಲೆ ಇನ್ನೂ ಬೇಕಾದಷ್ಟು ತಂತಿ ಇತ್ತು. ಅದನ್ನು ನೋಡಿ ಅವಳು ನಕ್ಕಳು. ನಾನೂ ನಕ್ಕೆ.

ಬಿಳಿ ಕಾಗದದ ತುಂಡು ಹರಿದು ನನ್ನ ಮುಂದಿಟ್ಟಳು. ಸುತ್ತು ೧೧೦೦, ಈರಪ್ಪ, ಗಂಗಾವತಿ ಎಂದು ಬರೆದೆ. ಅವಳು ಅದನ್ನು ಹಳೆಯ ಚೀಟಿಯ ಕೆಳಗೆ ಅಂಟಿಸಿದಳು. ಹಳೆಯದನ್ನು ಕಿತ್ತುಹಾಕಲು ನಾನು ಕೈ ಚಾಚಿದೆ, ಬಿಡಲಿಲ್ಲ. ಆಮೇಲೆ ತನ್ನ ಪೆನ್ಸಿಲಿನಿಂದ ನನ್ನ ಹೆಸರಿನ ಕೆಳಗೆ ಒಂದು ಸಾಲು ಬರೆದು ಸಹಿ ಮಾಡಿದಳು.

"ಏನ್ ಬರದಾಳ್ರಿ, ಮಾಸ್ತರ?"

ಮಾಸ್ತರು ಕನ್ನಡಕ ಹಾಕಿಕೊಂಡು, ಪೆಟ್ಟಿಗೆಯೊಳಗೆ ತಲೆ ತೂರಿಸಿ ಓದಿದರು.

"ಮುಂದ ಬಿಚ್ಚಾವರಿಗೆ ಬರದಾಳ" ಎಂದರು. "ಈ ಲೆಕ್ಕ ಖರೇ ಐತಿ, ನಾನೂ ಎಣಿಸೀನಿ ಅಂತ."